ಪದ ಪರಿಚಯ: ಪೈಪ್ ಆರ್ಗನ್

ಚರ್ಚ್‌ನ ಆರ್ಗನ್ ಅಂದ ಕೂಡಲೇ ತುಂಬಾ ಜನ ಅದನ್ನು ದೊಡ್ಡದೊಂದು ಪಿಯಾನೋ ಅಂದುಕೊಳ್ಳುತ್ತಾರೆ. ಎದುರಿಗೆ ಕೀಬೋರ್ಡ್ ಕಾಣುತ್ತದಲ್ಲ, ಅದಕ್ಕೆ. ಆದರೆ ಪಿಯಾನೋದ ಒಳಗಿರುವುದು ತಂತಿ ಮತ್ತು ಅದನ್ನು ಬಡಿಯುವ ಸುತ್ತಿಗೆ. ಆರ್ಗನ್‌ನಲ್ಲಿ ತಂತಿಯೇ ಇಲ್ಲ. ಅದು ಊದುವ ವಾದ್ಯ. ನೂರಾರು, ಕೆಲವೊಮ್ಮೆ ಸಾವಿರಾರು ಕೊಳಲುಗಳನ್ನು ಸಾಲಾಗಿ ನಿಲ್ಲಿಸಿ ಎಲ್ಲಕ್ಕೂ ಒಂದೇ ಉಸಿರು ಕೊಟ್ಟ ಹಾಗೆ. ಈ ಉಸಿರಿನ ಏರ್ಪಾಡು ತಿಳಿದರೆ ಆರ್ಗನ್ ಮುಕ್ಕಾಲು ಪಾಲು ತಿಳಿದ ಹಾಗೇ.

ಪದ ಬಂದದ್ದು ಗ್ರೀಕ್‌ನ ‘ಆರ್ಗನಾನ್’ನಿಂದ. ಅದರ ಅರ್ಥ ಸಲಕರಣೆ, ಅಷ್ಟೇ. ದೇಹದ ಅಂಗಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಆರ್ಗನ್’ ಕೂಡ ಇದೇ ಬೇರಿನದು. ಹೆಸರಿಗೆ ‘ಪೈಪ್’ ಸೇರಿಸುವ ಅಗತ್ಯ ಬಿದ್ದದ್ದು ಆಮೇಲೆ, ಕೊಳವೆಗಳಿಲ್ಲದ ರೀಡ್ ಆರ್ಗನ್, ಎಲೆಕ್ಟ್ರಾನಿಕ್ ಆರ್ಗನ್ ಬಂದ ಮೇಲೆ.

ವಾದ್ಯ ಹುಟ್ಟಿದ್ದು ಚರ್ಚ್‌ನಲ್ಲಲ್ಲ. ಕ್ರಿಸ್ತ ಹುಟ್ಟುವುದಕ್ಕೂ ಇನ್ನೂರು ವರ್ಷಕ್ಕಿಂತ ಮುಂಚೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ಟೆಸಿಬಿಯಸ್ ಎಂಬ ಎಂಜಿನಿಯರ್ ಇದನ್ನು ಕಟ್ಟಿದ. ಅವನ ಮುಂದಿದ್ದ ತೊಡಕು ಇದು: ಪಂಪಿನಿಂದ ಗಾಳಿ ತಳ್ಳಿದರೆ ಅದು ಬಿಟ್ಟು ಬಿಟ್ಟು ಬರುತ್ತದೆ, ಜೊತೆಗೆ ಸ್ವರವೂ ಏರಿಳಿಯುತ್ತದೆ. ಅವನು ನೀರಿನ ತೊಟ್ಟಿಯಲ್ಲಿ ಒಂದು ಪಾತ್ರೆಯನ್ನು ಬೋರಲು ಹಾಕಿ, ಗಾಳಿಯನ್ನು ಅದರೊಳಗೆ ತುಂಬಿದ. ಗಾಳಿ ಒಳಗೆ ಹೋದಷ್ಟೂ ನೀರು ಸುತ್ತ ಮೇಲೇರುತ್ತದೆ. ಮೇಲೇರಿದ ನೀರಿನ ಭಾರ ಗಾಳಿಯನ್ನು ಹದವಾಗಿ ಒತ್ತಿ ಹಿಡಿಯುತ್ತದೆ. ಪಂಪು ನಡುವೆ ಒಂದು ಕ್ಷಣ ನಿಂತರೂ ಸ್ವರ ನಿಲ್ಲುವುದಿಲ್ಲ. ಎಷ್ಟು ಸರಳ, ಎಷ್ಟು ಜಾಣತನ ಅಲ್ವಾ? ಮುಂದೆ ನೀರು ಹೋಗಿ ತಿದಿ ಬಂತು, ತಿದಿಯ ಮೇಲೆ ಭಾರ ಬಂತು, ಕೊನೆಗೆ ಕರೆಂಟಿನ ಫ್ಯಾನ್ ಬಂತು. ಎಲ್ಲವೂ ಮಾಡಿದ್ದು ಒಂದೇ ಕೆಲಸ, ಗಾಳಿಯನ್ನು ಅಲುಗದಂತೆ ಹಿಡಿಯುವುದು.

ಈಗ ಒಂದು ಕೊಳವೆಯನ್ನು ಹತ್ತಿರದಿಂದ ನೋಡೋಣ. ಅದಕ್ಕೆ ಕಾಲಿದೆ, ಬಾಯಿದೆ, ತುಟಿಯಿದೆ. ಆರ್ಗನ್ ಕಟ್ಟುವವರು ನಿಜವಾಗಿಯೂ ಹೀಗೇ ಕರೆಯುತ್ತಾರೆ. ಕೆಳಗೆ ಚೂಪಾಗಿರುವುದು ಕಾಲು. ಅದರ ತುದಿಯ ತೂತಿನಿಂದ ಗಾಳಿ ಒಳಗೆ ಬರುತ್ತದೆ. ಸ್ವಲ್ಪ ಮೇಲೆ, ಅಡ್ಡಕ್ಕೆ ತೆರೆದಿರುವುದು ಬಾಯಿ. ಅಲ್ಲಿ ಗಾಳಿ ತೆಳ್ಳಗಿನ ಹಾಳೆಯಂತೆ ಎದ್ದು ಮೇಲ್ತುಟಿಗೆ ತಾಗುತ್ತದೆ. ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಬಳುಕುತ್ತದೆ. ಆಗ ಕೊಳವೆಯೊಳಗಿನ ಗಾಳಿಯೆಲ್ಲ ಅದುರಿ ಸ್ವರವಾಗುತ್ತದೆ. ಕೊಳಲಿನಲ್ಲಿ ನಡೆಯುವುದೂ ಇದೇ. ಆದರೆ ಕೊಳಲಿಗೆ ಬೆರಳಿಡುವ ತೂತುಗಳಿವೆ, ಇದಕ್ಕಿಲ್ಲ. ಒಂದು ಕೊಳವೆಗೆ ಒಂದೇ ಸ್ವರ. ಅದಕ್ಕೇ ಅಷ್ಟೊಂದು ಕೊಳವೆ ಬೇಕು.

ಇನ್ನೊಂದು ಜಾತಿಯ ಕೊಳವೆಗೆ ನಾಲಿಗೆಯೂ ಇದೆ. ಬುಡದಲ್ಲಿರುವ ಹಿತ್ತಾಳೆಯ ತೆಳು ಪಟ್ಟಿ ಗಾಳಿಗೆ ಪಟಪಟ ಅದುರುತ್ತದೆ. ಟ್ರಂಪೆಟ್, ಓಬೋಗಳಂಥ ಖಡಕ್ ದನಿ ಬರುವುದು ಇವುಗಳಿಂದ.

ಕೊಳವೆಗಳು ಹೆಚ್ಚಾಗಿ ತವರ, ಸೀಸ ಬೆರೆಸಿದ ತಗಡಿನವು. ಮರದವೂ ಇರುತ್ತವೆ. ಕೊಳವೆ ಅಗಲವಾಗಿದ್ದರೆ ದನಿ ಮೆತ್ತಗೆ ಕೊಳಲಿನಂತೆ, ಸಪೂರವಾಗಿದ್ದರೆ ತಂತಿ ವಾದ್ಯದಂತೆ ಕೇಳುತ್ತದೆ. ಸ್ಥಾಯಿ ತೀರ್ಮಾನವಾಗುವುದು ಉದ್ದದಿಂದ. ಒಂದೇ ಬಗೆಯ ದನಿಯ, ಕೀಗೊಂದರಂತೆ ಇರುವ ಕೊಳವೆಗಳದು ಒಂದು ಸಾಲು. ಪಿಯಾನೋದ ಸ್ಥಾಯಿಯಲ್ಲೇ ನುಡಿಯುವ ಸಾಲಿಗೆ ‘8 ಅಡಿ’ ಅಂತ ಹೆಸರು, ಯಾಕೆಂದರೆ ಅದರ ತೀರಾ ಕೆಳಗಿನ ಸ್ವರದ ಕೊಳವೆ ಸುಮಾರು 8 ಅಡಿ ಉದ್ದ. 16 ಅಡಿಯದು ಒಂದು ಸ್ಥಾಯಿ ಕೆಳಗೆ, 4 ಅಡಿಯದು ಒಂದು ಸ್ಥಾಯಿ ಮೇಲೆ. ದೊಡ್ಡ ಚರ್ಚ್‌ಗಳಲ್ಲಿ 32 ಅಡಿಯ ಕೊಳವೆಯೂ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 16 ಸಲ ಅದುರುತ್ತದೆ. ಅಷ್ಟು ಕೆಳಗಿನ ಸ್ವರ ಕಿವಿಗೆ ಸರಿಯಾಗಿ ಸಿಗುವುದೇ ಇಲ್ಲ. ಕೂತ ಬೆಂಚಿನಲ್ಲಿ, ಎದೆಯಲ್ಲಿ ಗೊತ್ತಾಗುತ್ತದೆ.

ಈ ಸಾಲುಗಳನ್ನು ಆಳುವ ಗುಂಡಿಗೆ ‘ಸ್ಟಾಪ್’ ಅನ್ನುತ್ತಾರೆ. ಈ ಪದದ ಹಿಂದೊಂದು ಚರಿತ್ರೆಯಿದೆ. ಮಧ್ಯಯುಗದ ದೊಡ್ಡ ಆರ್ಗನ್‌ಗಳಲ್ಲಿ ಒಂದು ಕೀ ಒತ್ತಿದರೆ ಆ ಸ್ವರದ ಎಲ್ಲ ಕೊಳವೆಗಳೂ ಒಟ್ಟಿಗೆ ಮೊಳಗುತ್ತಿದ್ದವು. ಬೇಕಾದ ಸಾಲು ಮಾತ್ರ ಆರಿಸುವ ಹಾಗಿರಲಿಲ್ಲ. ಆಮೇಲೆ ಪ್ರತಿ ಸಾಲಿನ ಬುಡಕ್ಕೆ ತೂತು ಕೊರೆದ ಮರದ ಪಟ್ಟಿ ಬಂತು. ಗುಂಡಿ ಎಳೆದರೆ ಪಟ್ಟಿ ಜರುಗಿ, ಅದರ ತೂತುಗಳು ಕೊಳವೆಗಳ ಕಾಲಿಗೆ ಸರಿಯಾಗಿ ಕೂರುತ್ತವೆ. ಆಗ ಗಾಳಿಗೆ ದಾರಿ. ಗುಂಡಿ ಒಳಕ್ಕೆ ತಳ್ಳಿದರೆ ಆ ಸಾಲು ಬಂದ್. ಅಂದರೆ ಯಾವ ಸ್ವರ ಅಂತ ಹೇಳುವುದು ಕೀ, ಯಾವ ದನಿ ಅಂತ ಹೇಳುವುದು ಸ್ಟಾಪ್. ಕೀಯನ್ನು ಜೋರಾಗಿ ಒತ್ತಿದರೂ ಮೆತ್ತಗೆ ಒತ್ತಿದರೂ ದನಿ ಅಷ್ಟೇ ಇರುತ್ತದೆ. ದನಿ ಜಾಸ್ತಿ ಬೇಕಿದ್ದರೆ ಇನ್ನಷ್ಟು ಸ್ಟಾಪ್ ಎಳೆಯಬೇಕು. ಕೈಗೆ ಎರಡು ಮೂರು ಕೀಬೋರ್ಡ್, ಕಾಲಿಗೆ ಬೇರೆಯದೇ ಒಂದು ಸಾಲು ಪೆಡಲ್. ಎರಡೂ ಕೈ, ಎರಡೂ ಕಾಲು ಬೇರೆ ಬೇರೆ ದಾರಿ ಹಿಡಿದು ಒಂದೇ ಹಾಡಿಗೆ ಬಂದು ಸೇರುವುದನ್ನು ನೋಡುವುದೇ ಒಂದು ಬೆರಗು.

ಇದು ಚರ್ಚ್‌ಗೆ ಬಂದದ್ದು ಹೇಗೆ? ರೋಮನ್ನರ ಕಾಲದಲ್ಲಿ ಆರ್ಗನ್ ಕ್ರೀಡಾಂಗಣದ ವಾದ್ಯ. ಆಮೇಲೆ ಪೂರ್ವ ರೋಮನ್ ಸಾಮ್ರಾಜ್ಯದ, ಅಂದರೆ ಬೈಜಾಂಟಿಯಮ್‌ನ ಅರಮನೆಯಲ್ಲಿ ಉಳಿದುಕೊಂಡಿತು. 757ರಲ್ಲಿ ಅಲ್ಲಿನ ಚಕ್ರವರ್ತಿ 5ನೇ ಕಾನ್‌ಸ್ಟಂಟೈನ್, ಈಗಿನ ಫ್ರಾನ್ಸ್ ಕಡೆಯ ಫ್ರಾಂಕರ ರಾಜ ಪೆಪಿನ್‌ಗೆ ಒಂದು ಆರ್ಗನ್ನನ್ನು ಉಡುಗೊರೆಯಾಗಿ ಕಳಿಸಿದ. ಮುಂದಿನ ಒಂದೆರಡು ಶತಮಾನಗಳಲ್ಲಿ ಅದು ಪಶ್ಚಿಮ ಯುರೋಪಿನ ಮಠಗಳಿಗೆ, ದೊಡ್ಡ ಚರ್ಚ್‌ಗಳಿಗೆ ಸೇರಿತು. ಕಳಿಸಿದ ಕಡೆಯ ಚರ್ಚ್ ಮಾತ್ರ ತನ್ನ ಪೂಜೆಗೆ ಅದನ್ನು ಬಳಸಲೇ ಇಲ್ಲ. ಜರ್ಮನಿಯ ಹಾಲ್ಬರ್‌ಸ್ಟಾಟ್‌ನಲ್ಲಿ 1361ರಲ್ಲಿ ಕಟ್ಟಿದ ಆರ್ಗನ್‌ನಲ್ಲಿ ಆಗಲೇ ಒಂದು ಸ್ಥಾಯಿಗೆ ಹನ್ನೆರಡು ಕೀಗಳಿದ್ದವು, ಈಗಿನ ಪಿಯಾನೋದಲ್ಲಿರುವ ಹಾಗೆ. ಮುಂದೆ ಉತ್ತರ ಜರ್ಮನಿಯಲ್ಲಿ ಆರ್ಪ್ ಶ್ನಿಟ್ಗರ್, ಸ್ಯಾಕ್ಸನಿಯಲ್ಲಿ ಗಾಟ್‌ಫ್ರೀಡ್ ಸಿಲ್ಬರ್‌ಮನ್ ಕಟ್ಟಿದ ವಾದ್ಯಗಳಲ್ಲಿ ಕೆಲವು ಇವತ್ತಿಗೂ ನುಡಿಯುತ್ತವೆ. ಹೊಸ ಆರ್ಗನ್ ಪರೀಕ್ಷೆ ಮಾಡಲು ಸಂಗೀತಗಾರ ಜೋಹಾನ್ ಸೆಬಾಸ್ಟಿಯನ್ ಬಾಕ್‌ನನ್ನು ಕರೆಸುತ್ತಿದ್ದರು. ಅವನು ಮೊದಲು ಎಲ್ಲ ಸ್ಟಾಪ್ ಎಳೆದು ಪೂರ್ತಿ ದನಿಯಲ್ಲಿ ನುಡಿಸುತ್ತಿದ್ದನಂತೆ, ಇದರ ಶ್ವಾಸಕೋಶ ಗಟ್ಟಿಯಿದೆಯಾ ಅಂತ ನೋಡುವುದಕ್ಕೆ. ಅವನ ಮಗ ಬರೆದಿಟ್ಟ ಮಾತಿದು. ಇಡೀ ವಾದ್ಯಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗಂತೂ ತೋಚುವುದಿಲ್ಲ.

ಉಸಿರಾಡುವ ವಸ್ತುವಿಗೆ ಹವೆಯೂ ತಟ್ಟುತ್ತದೆ. ಸೆಕೆ ಏರಿದರೆ ಬಾಯಿಯ ಕೊಳವೆಗಳ ಶ್ರುತಿ ಏರುತ್ತದೆ. ನಾಲಿಗೆಯ ಕೊಳವೆಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಎರಡೂ ಮತ್ತೆ ಕೂಡಬೇಕೆಂದರೆ ಶ್ರುತಿ ಮಾಡುವವರು ವಾದ್ಯದ ಹೊಟ್ಟೆಯೊಳಗೆ ಹತ್ತಿ, ಒಂದೊಂದೇ ನಾಲಿಗೆಯನ್ನು ಒತ್ತಿ ಹಿಡಿದ ಲೋಹದ ಕಡ್ಡಿಯನ್ನು ತಟ್ಟಿ ತಟ್ಟಿ ಸರಿಪಡಿಸಬೇಕು.

ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚ್‌ನಲ್ಲಿ ಈಗಿರುವ ದೊಡ್ಡ ಆರ್ಗನ್ನನ್ನು 1868ರಲ್ಲಿ ಆರ್ಗನ್ ಕಟ್ಟುವ ಕವಾಯೆ-ಕೋಲ್ ಹೊಸದಾಗಿ ರೂಪಿಸಿದ. ಅದರಲ್ಲಿ ಸುಮಾರು 8000 ಕೊಳವೆಗಳಿವೆ. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಮಾಡು ಕುಸಿಯಿತು, ಆರ್ಗನ್ ಸುಡಲಿಲ್ಲ. ಆದರೆ ಸೀಸದ ಧೂಳು ಅದರ ಮೇಲೆಲ್ಲ ಕೂತಿತು. ಕೊಳವೆಗಳನ್ನು ಬಿಚ್ಚಿ, ತೊಳೆದು, ಮತ್ತೆ ನಿಲ್ಲಿಸಿ, ಒಂದೊಂದರ ದನಿಯನ್ನೂ ಹದ ಮಾಡಿದರು. 2024ರ ಡಿಸೆಂಬರ್ 7ರಂದು ಬಾಗಿಲು ತೆರೆದಾಗ ಆರ್ಚ್‌ಬಿಷಪ್ ಆರ್ಗನ್ ಕಡೆ ಮುಖ ಮಾಡಿ, ಎಚ್ಚರಗೊಳ್ಳು ಅಂತ ಅದನ್ನೇ ಕರೆದರು. ಪ್ರತಿ ಕರೆಗೂ ಅದು ಓಗೊಟ್ಟಿತು.