ಗುಟೆನ್‌ಬರ್ಗ್ ಕೇಸು: ಸಾಲವೋ, ಪಾಲು ಬಂಡವಾಳವೋ?

ಫುಸ್ಟ್ ಅನ್ನೋ ಸಾಹುಕಾರ, ಯುರೋಪಿನಲ್ಲಿ ಅಚ್ಚುಮೊಳೆಯ ಮುದ್ರಣ ಶುರುಮಾಡಿದ ಗುಟೆನ್‌ಬರ್ಗ್‌ಗೆ ಮೋಸ ಮಾಡಿದ, ಬೈಬಲ್ ಅಚ್ಚಾಗಿ ಮುಗಿಯುವ ಹೊತ್ತಿಗೆ ಮುದ್ರಣಾಲಯವನ್ನೇ ಕಿತ್ತುಕೊಂಡ ಎಂಬ ಕಥೆಯನ್ನು ನೀವೂ ಕೇಳಿರುತ್ತೀರಿ. ಪಾಲುದಾರರ ಜಗಳಗಳಲ್ಲೇ ವಕೀಲಿಕೆ ಮಾಡುವ ನನಗೆ ಈ ಕಥೆ ಪೂರ್ತಿ ಒಪ್ಪಿಗೆಯಿಲ್ಲ. ಕೇಸಿನ ಒಂದು ಕಾಗದ ಉಳಿದುಕೊಂಡಿದೆ. 1455ರ ನವೆಂಬರ್ 6ರಂದು ಜರ್ಮನಿಯ ಮೈಂಜ್‌ನಲ್ಲಿ ನೋಟರಿ ಹೆಲ್ಮಾಸ್‌ಪರ್ಗರ್ ಬರೆದದ್ದು, ಈಗ ಗಟಿಂಗನ್‌ನ ಗ್ರಂಥಾಲಯದಲ್ಲಿದೆ.

ಹಣದ ವಿಷಯ ಹೀಗಿದೆ. ಯೋಹಾನ್ ಫುಸ್ಟ್ ಮೊದಲು 800 ಗುಲ್ಡನ್ (ಆಗಿನ ಚಿನ್ನದ ನಾಣ್ಯ) ಕೊಟ್ಟ. ನೂರಕ್ಕೆ 6ರ ಬಡ್ಡಿ, ಮಾಡಿಸುವ ಸಲಕರಣೆಗಳೇ ಒತ್ತೆ. 1452ರ ಹೊತ್ತಿಗೆ ಇನ್ನೂ 800 ಸೇರಿತು. ಆಮೇಲೆ ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ ಎಲ್ಲ ಸೇರಿಸಿ 2,026 ಗುಲ್ಡನ್ ಕೊಡು ಎಂದ.

ಗುಟೆನ್‌ಬರ್ಗ್ ಕೊಟ್ಟ ಉತ್ತರ ನಮ್ಮ ಕಕ್ಷಿದಾರರು ಹೇಳುವುದಕ್ಕಿಂತ ಬೇರೆಯೇನಲ್ಲ. ಮೊದಲ 800 ಪೂರ್ತಿ ಕೈಗೆ ಬರಲಿಲ್ಲ. ಬಡ್ಡಿ ಅಂತ ಪತ್ರದಲ್ಲಿದೆ, ಆದರೆ ತಗೊಳ್ಳಲ್ಲ ಅಂತ ಫುಸ್ಟ್ ಬಾಯಲ್ಲಿ ಹೇಳಿದ್ದ. ಕೂಲಿ, ಬಾಡಿಗೆ, ಅಚ್ಚು ಹಾಕುವ ಚರ್ಮ, ಕಾಗದ, ಶಾಯಿಗೆ ಅಂತ ವರ್ಷಕ್ಕೆ 300 ಕೊಡುವ ಮಾತಿತ್ತು. ಎರಡನೇ 800 ಸಾಲವೇ ಅಲ್ಲ, ಇಬ್ಬರೂ ಸೇರಿ ಮಾಡುವ ಪುಸ್ತಕದ ಕೆಲಸಕ್ಕೆ ಹಾಕಿದ ಬಂಡವಾಳ, ಅದಕ್ಕೆ ಲೆಕ್ಕ ಕೊಡುತ್ತೇನೆ, ಬಡ್ಡಿ ಕೊಡಲ್ಲ.

ಬಾಯಿಮಾತನ್ನು ನಂಬಿ ಕೂತನಲ್ಲ, ಅದೇ ನನಗೆ ಬೇಸರ. ಯಾಕೆಂದರೆ ಬರೆದಿಟ್ಟ ಷರತ್ತಿನ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸ್ಟ್ರಾಸ್‌ಬರ್ಗ್‌ನಲ್ಲಿದ್ದಾಗ ಆಖೆನ್ ಎಂಬ ಪುಣ್ಯಕ್ಷೇತ್ರದ ಯಾತ್ರಿಕರಿಗೆ ಮಾರಲು ಕನ್ನಡಿ ಮಾಡುವ ಕೂಟ ಕಟ್ಟಿದ್ದ. 1438ರಲ್ಲಿ ಪಾಲುದಾರ ಆಂಡ್ರಿಯಾಸ್ ಡ್ರಿಟ್‌ಜೆಹೆನ್ ತೀರಿಕೊಂಡ. ನಮ್ಮನ್ನೂ ಸೇರಿಸಿಕೋ ಅಂತ ಅವನ ಅಣ್ಣತಮ್ಮಂದಿರು ಕೋರ್ಟಿಗೆ ಹೋದರು. ಪಾಲುದಾರ ಸತ್ತರೆ ವಾರಸುದಾರರಿಗೆ 100 ಗುಲ್ಡನ್ ಮಾತ್ರ ಎಂಬ ಕರಡು ಒಪ್ಪಂದ ಸತ್ತವನ ಸಾಮಾನಿನಲ್ಲೇ ಸಿಕ್ಕಿತು. ಅವನಿಂದ ಬರಬೇಕಿದ್ದ 85 ಕಳೆದು 15 ಕೊಟ್ಟು ಗುಟೆನ್‌ಬರ್ಗ್ ಪಾರಾದ.

ಮೈಂಜ್‌ನಲ್ಲಿ ಅವನ ಕೈ ಯಾಕೆ ಖಾಲಿಯಾಗಿತ್ತು? ಬೈಬಲ್ ಅಂದರೆ ಸುಮಾರು 1,280 ಪುಟ, 180ರಷ್ಟು ಪ್ರತಿ. ಒಂದು ಪಾಲು ಪ್ರತಿಗಳು ಕರುವಿನ ಚರ್ಮದ ಮೇಲೆ. ಖರ್ಚೆಲ್ಲ ಮುಂಚೆ, ದುಡ್ಡು ಬರುವುದು ಪುಸ್ತಕ ಮುಗಿದ ಮೇಲೆ. ಕೊಳ್ಳುವವರಿಗೇನೂ ಕೊರತೆಯಿರಲಿಲ್ಲ. ಪುಸ್ತಕ ಮುಗಿಯುವ ಮೊದಲೇ ಎಲ್ಲ ಪ್ರತಿಗಳಿಗೂ ಗಿರಾಕಿಗಳಿದ್ದಾರಂತೆ ಎಂದು, ಮುಂದೆ ಪೋಪ್ ಆದ ಪಿಕ್ಕೊಲೊಮಿನಿ 1455ರ ಮಾರ್ಚ್‌ನಲ್ಲಿ ಬರೆದಿದ್ದಾನೆ. ಮಧ್ಯದಲ್ಲಿ ಬೇರೆ ಕೆಲಸವೂ ಇತ್ತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಹೋದ ಮೇಲೆ ಸೈಪ್ರಸ್ ರಕ್ಷಣೆಗೆ ಹಣ ಎತ್ತಲು ಮಾರಿದ ಪಾಪವಿಮೋಚನಾ ಪತ್ರಗಳು (ಹಣ ಕೊಟ್ಟವರಿಗೆ ಪಾಪದ ಶಿಕ್ಷೆಯಿಂದ ಬಿಡುಗಡೆ ಎಂದು ಚರ್ಚ್ ಕೊಡುತ್ತಿದ್ದ ಚೀಟಿ) 1454ರಲ್ಲಿ ಮೈಂಜ್‌ನಲ್ಲೇ ಅಚ್ಚಾದವು. ಜಂಟಿ ಹಣ ಇಂಥ ಬಿಡಿ ಕೆಲಸಕ್ಕೂ ಹರಿಯಿತೇ ಎಂಬ ಅನುಮಾನ ಫುಸ್ಟ್‌ಗೆ ಬಂದಿರಬೇಕು ಅಂತ ನನ್ನ ಊಹೆ.

ನ್ಯಾಯಾಲಯ ಹೇಳಿದ್ದೂ ಲೆಕ್ಕ ಕೊಡು ಅಂತಲೇ. ಇಬ್ಬರ ಲಾಭಕ್ಕೆ ಖರ್ಚಾಗದ ಹಣ ವಾಪಸ್ ಕೊಡಬೇಕು. ಫುಸ್ಟ್ ತಾನೂ ಬಡ್ಡಿಗೆ ತಂದು ಕೊಟ್ಟದ್ದು ಅಂತ ಸಾಬೀತು ಮಾಡಿದರೆ ಬಡ್ಡಿಯೂ ಸೇರುತ್ತದೆ. ಅದಕ್ಕೇ ನವೆಂಬರ್ 6ರಂದು ಫ್ರಾನ್ಸಿಸ್ಕನ್ ಮಠದ ಊಟದ ಮನೆಯಲ್ಲಿ ಫುಸ್ಟ್ ಪ್ರಮಾಣ ಮಾಡಿದ: 1,550 ಗುಲ್ಡನ್ ಎತ್ತಿ ತಂದಿದ್ದೇನೆ, ಬಡ್ಡಿ ಕಟ್ಟಿದ್ದೇನೆ. ಗುಟೆನ್‌ಬರ್ಗ್ ಬರಲಿಲ್ಲ. ಒಬ್ಬ ಪಾದ್ರಿಯನ್ನೂ ಇಬ್ಬರು ಕೆಲಸಗಾರರನ್ನೂ ಕಳಿಸಿದ. ಕೇಸು ನಡೆಯುವಾಗ ಕಕ್ಷಿದಾರ ಮನೆಯಲ್ಲಿ ಕೂರುವುದು ನನಗೆ ಎಂದೂ ಸರಿ ಕಂಡಿಲ್ಲ.

ಫುಸ್ಟ್ ಸಂತನಲ್ಲ. ಸರಕು ಮಾರಾಟಕ್ಕೆ ಸಿದ್ಧವಾಗುವ ಹೊತ್ತು ನೋಡಿಯೇ ಕೇಸು ಹಾಕಿದ ಅನ್ನಿಸುತ್ತದೆ. ಆ ದಿನ ಅವನ ಕಡೆ ಸಾಕ್ಷಿಯಾಗಿ ನಿಂತ ಪೀಟರ್ ಶೋಫರ್ ಮುಂದೆ ಅವನ ಪಾಲುದಾರನಾದ, ಅಳಿಯನೂ ಆದ. 1457ರಲ್ಲಿ ಇಬ್ಬರೂ ತಮ್ಮ ಹೆಸರು, ತಾರೀಖು ಹಾಕಿ ಬೈಬಲಿನ ಕೀರ್ತನೆಗಳ ಪುಸ್ತಕ ಅಚ್ಚು ಹಾಕಿಸಿದರು. ಆದರೆ ಮುದ್ರಣಾಲಯ ಫುಸ್ಟ್‌ನ ಪಾಲಾಯಿತು ಅಂತ ನೋಟರಿ ಕಾಗದದಲ್ಲಿ ಎಲ್ಲೂ ಬರೆದಿಲ್ಲ. ಅದು ಒತ್ತೆಯ ಷರತ್ತಿನಿಂದ ವಿದ್ವಾಂಸರು ಮಾಡಿಕೊಂಡ ಊಹೆ. ನನಗೂ ಸರಿ ಅನ್ನಿಸುತ್ತದೆ, ಆದರೂ ಊಹೆಯನ್ನು ತೀರ್ಪು ಅಂತ ಹೇಳಿಕೊಂಡು ಬರುವುದು ತಪ್ಪು.