ಅನುಭವ: ನಿಕ್ಸನ್ ಅನುಭಾವಿ ಅಲ್ಲ, ಮಾರಾಯ್ರೆ

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ನಮ್ಮ ಕನ್ನಡದಲ್ಲಿ ಒಂದು ಪದಕ್ಕೆ ಗ್ರಹಚಾರ ಶುರು. ಅಭ್ಯರ್ಥಿಗಳು ಟಿವಿಯಲ್ಲಿ ಎದುರುಬದುರು ವಾದಿಸುವ ಡಿಬೇಟ್ ಮುಗಿದದ್ದೇ ‘ಡಿಬೇಟ್‌ನಲ್ಲಿ ಅನುಭವಕ್ಕೆ ಜಯ’, ‘ಅನುಭವದ ಕೊರತೆ ಬಯಲು’ ಅಂತೆಲ್ಲ ಬರೆಯುತ್ತಾರೆ. ಇಷ್ಟು ವರ್ಷ ಸುಮ್ನಿದ್ದೆ. ಮೊನ್ನೆ ಒಬ್ಬರು 1960ರ ಅಧ್ಯಕ್ಷ ಚುನಾವಣೆಯ ಕೆನಡಿ ಮತ್ತು ನಿಕ್ಸನ್ ಡಿಬೇಟ್ ಬಗ್ಗೆ ಬರೆಯುತ್ತಾ ನಿಕ್ಸನ್ ಅವರನ್ನು ‘ಅನುಭಾವಿ ರಾಜಕಾರಣಿ’ ಎಂದುಬಿಟ್ಟರು. ಅಲ್ಲಮಪ್ರಭು ಅನುಭಾವಿ, ಅಂದರೆ ಪರತತ್ವವನ್ನು ತನ್ನೊಳಗೇ ಕಂಡವರು. ನಿಕ್ಸನ್ ಅಲ್ಲ. ಒಂದು ದೀರ್ಘ ಎಳೆದದ್ದಕ್ಕೆ ಆ ಮನುಷ್ಯ ವೈಟ್‌ಹೌಸ್ ದಾರಿ ಬಿಟ್ಟು ಕಲ್ಯಾಣಕ್ಕೆ ಬಂದು ಕೂತ ಹಾಗಾಯಿತು.

ಆ ದೀರ್ಘದ ತಪ್ಪನ್ನು ಬೇಕಾದರೆ ಬೆರಳು ಜಾರಿದ್ದು ಅನ್ನೋಣ. ಇನ್ನೊಂದು ತಪ್ಪು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಅದು ಅನುಭವ ಮತ್ತು ಸರ್ವಿಸ್ ಎರಡೂ ಒಂದೇ ಎಂದುಕೊಳ್ಳುವುದು.

‘ಅನು’ ಅಂದರೆ ಹಿಂದೆಹಿಂದೆ, ಜೊತೆಜೊತೆಗೆ. ‘ಭವ’ ಬಂದಿರುವುದು ಭೂ ಧಾತುವಿನಿಂದ, ಆಗು, ಇರು ಎಂಬ ಅರ್ಥ. ಏನೋ ಒಂದು ಆಗುತ್ತಿರುವಾಗ ಅದರ ಜೊತೆಗೇ ಇದ್ದು ಹಾದುಹೋಗುವುದು ಅನುಭವ. ನಾವು ದಿನಾ ಆಡುವ ಮಾತಿನಲ್ಲೂ ಇದೇ ಇದೆ. ‘ಮಾಡಿದ್ದನ್ನ ಅನುಭವಿಸಲಿ ಬಿಡು’ ಅಂದರೆ ಅದು ಶಾಪ, ಬಯೋಡೇಟಾ ಅಲ್ಲ. ಜಮೀನಿನ ಕ್ರಯಪತ್ರ ತೆಗೆದು ನೋಡಿ, ‘ಸ್ವಾಧೀನಾನುಭವ’ ಎಂಬ ಪದ ಇರುತ್ತದೆ. ಹೊಲ ಕೈಯಲ್ಲಿದೆ, ಅದರ ಫಲ ಉಣ್ಣುತ್ತಿದ್ದೇನೆ ಅಂತ. ಯಾವ ಅರ್ಥ ಹಿಡಿದರೂ ಅಲ್ಲಿ ಮೈಗೆ ತಾಗಿದ ಒಂದು ಸಂಗತಿ ಇದೆ. ‘15 ವರ್ಷದ ಅನುಭವ’ ಎಂದು ವರ್ಷ ಎಣಿಸುವುದನ್ನು ನಾವು ಕಲಿತದ್ದು ಕೆಲಸದ ಅರ್ಜಿ ತುಂಬುವಾಗ. ಅದಕ್ಕೆ ಸರ್ವಿಸ್ ಎಂದರೆ ಸಾಕು.

ಇಂಗ್ಲಿಷಿನ ಎಕ್ಸ್‌ಪೀರಿಯನ್ಸ್ ಬೇರೆ ಮನೆಯಿಂದ ಬಂದದ್ದು. ಅದರ ಲ್ಯಾಟಿನ್ ಮೂಲಕ್ಕೆ ‘ಪರೀಕ್ಷೆ ಮಾಡಿ ನೋಡು’ ಎಂಬ ಅರ್ಥ. ಎಕ್ಸ್‌ಪೆರಿಮೆಂಟ್, ಎಕ್ಸ್‌ಪರ್ಟ್ ಎಲ್ಲ ಅದರ ಒಡಹುಟ್ಟಿದವರೇ. ನಮ್ಮ ಪದ ‘ಏನು ಹಾದು ಬಂದೆ?’ ಎಂದು ಕೇಳಿದರೆ ಅವರ ಪದ ‘ಯಾವ ಪರೀಕ್ಷೆ ದಾಟಿದೆ?’ ಎನ್ನುತ್ತದೆ. ಡಿಬೇಟ್ ಎನ್ನುವುದು ಎರಡನೆಯ ಪ್ರಶ್ನೆಗೆ ಹಾಕಿದ ವೇದಿಕೆ. ಅದನ್ನು ನೋಡಿ ಮೊದಲನೆಯ ಪ್ರಶ್ನೆಗೆ ಉತ್ತರ ಬರೆದುಕೊಳ್ಳುತ್ತೇವೆ, ತೊಂದರೆ ಇರುವುದೇ ಇಲ್ಲಿ.

1960ನೇ ಇಸವಿ ನೋಡಿ. ನಿಕ್ಸನ್ ಎಂಟು ವರ್ಷ ಉಪಾಧ್ಯಕ್ಷರಾಗಿದ್ದವರು. ಅವರ ಪ್ರಚಾರದ ಮುಖ್ಯ ಮಾತೇ ಅನುಭವ. ಎದುರಿಗಿದ್ದ ಕೆನಡಿಗೆ 43 ವರ್ಷ, ‘ಇನ್ನೂ ಹುಡುಗ’ ಎಂಬ ಹೆಸರು. ಸೆಪ್ಟೆಂಬರ್ 26ರಂದು ಷಿಕಾಗೋದ ಸ್ಟುಡಿಯೋದಲ್ಲಿ ಮೊದಲ ಡಿಬೇಟ್. ಕೆನಡಿ ತಮಗೇನೋ ದೊಡ್ಡ ಅನುಭವ ಇದೆ ಎಂದು ಕೊಚ್ಚಿಕೊಳ್ಳಲಿಲ್ಲ. ನಾವಿಬ್ಬರೂ 1946ರಲ್ಲಿ ಒಟ್ಟಿಗೇ ಕಾಂಗ್ರೆಸ್‌ಗೆ (ಅಲ್ಲಿನ ಸಂಸತ್ತಿಗೆ) ಆರಿಸಿ ಬಂದವರು, ಇಬ್ಬರದೂ 14 ವರ್ಷ ಎಂದರು. ಸರ್ವಿಸ್‌ಗೆ ಸರ್ವಿಸ್, ಲೆಕ್ಕ ಚುಕ್ತಾ. ಆಮೇಲೆ ಒಬ್ಬ ಪತ್ರಕರ್ತ ನಿಕ್ಸನ್‌ಗೆ ಹಳೆಯ ಗಾಯವನ್ನೇ ಕೆದಕಿದ. ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ‘ನೀವು ಒಪ್ಪಿಕೊಂಡ ನಿಕ್ಸನ್‌ರ ಒಂದು ಮುಖ್ಯ ಸಲಹೆ ಹೇಳಿ’ ಎಂದು ಕೇಳಿದ್ದಾಗ ಅವರು ‘ಒಂದು ವಾರ ಟೈಮ್ ಕೊಟ್ಟರೆ ನೆನಪಾಗಬಹುದು’ ಎಂದಿದ್ದರು. ಇದಕ್ಕೇನಂತೀರಿ ಎಂಬುದು ಪ್ರಶ್ನೆ. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಬಂದಿದ್ದ ನಿಕ್ಸನ್ ಸೊರಗಿದ್ದರು. ಬೂದು ಬಣ್ಣದ ಸೂಟು ಹಿಂದಿನ ಗೋಡೆಯಲ್ಲಿ ಕರಗಿಹೋಗಿತ್ತು.

ಯಾರಿಗೆ ವೋಟು ಎಂದು ಇನ್ನೂ ಮನಸ್ಸು ಗಟ್ಟಿ ಮಾಡಿರದ ಮತದಾರನಿಗೆ ಅವತ್ತು ಕಂಡದ್ದೇನು? ‘ಕೆನಡಿಗೆ ಅನುಭವ ಜಾಸ್ತಿ’ ಅಂತ ಅಲ್ಲ. ‘ಈ ಹುಡುಗನನ್ನು ಆ ಕುರ್ಚಿಯಲ್ಲಿ ಕೂರಿಸಿದರೆ ಆಭಾಸ ಆಗಲಿಕ್ಕಿಲ್ಲ’ ಅಂತ. ಇವೆರಡೂ ಒಂದೇ ಅಲ್ಲ. ಡಿಬೇಟ್ ಯಾರಿಗೂ ಅನುಭವ ಕೊಡುವುದಿಲ್ಲ. ಅನುಭವ ಇಲ್ಲ ಎಂಬ ಅಳುಕನ್ನು ಕಳೆಯಬಹುದು, ಅಷ್ಟೇ. (ರೇಡಿಯೋ ಕೇಳಿದವರ ಪ್ರಕಾರ ನಿಕ್ಸನ್ ಗೆದ್ದರು, ಟಿವಿ ನೋಡಿದವರ ಪ್ರಕಾರ ಕೆನಡಿ ಎಂಬ ಕಥೆಯನ್ನು ದಯವಿಟ್ಟು ಇನ್ನು ಹೇಳಬೇಡಿ. ಅದರ ಬುಡದಲ್ಲಿರುವುದು ಒಂದು ಸಣ್ಣ ಸಮೀಕ್ಷೆ. ಅದನ್ನು ಅಲ್ಲಿನ ಸಂಶೋಧಕರೇ ಅನುಮಾನಿಸಿದ್ದಾರೆ.)

ಟಿವಿಯಲ್ಲಿ ಕಾಣುವ ಈ ಗುಣಕ್ಕೆ ಕನ್ನಡದಲ್ಲಿ ಚೆಂದದ ಮಾತಿದೆ, ಪಳಗುವುದು. ತಮಿಳಿನವರೂ ಇದನ್ನು ರೂಢಿ, ಒಡನಾಟ ಎಂಬ ಅರ್ಥದಲ್ಲಿ ಬಳಸುತ್ತಾರೆ. ಆನೆ ಪಳಗುತ್ತದೆ, ಕೈ ಪಳಗುತ್ತದೆ, ನಾಲಿಗೆಯೂ ಪಳಗುತ್ತದೆ. ಇಪ್ಪತ್ತು ವರ್ಷ ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸಿದವನು ಆರ್‌ಟಿಒ ಮೈದಾನದಲ್ಲಿ ಬೈಕಿನಲ್ಲಿ ‘8’ ಹಾಕುವಾಗ ಕಾಲು ಊರಬಹುದು. ನಿನ್ನೆ ಬೈಕ್ ಕಲಿತ ಹುಡುಗ ಚಕಚಕ ಅಂತ ಸುತ್ತಿ ಬರಬಹುದು. ಇನ್‌ಸ್ಪೆಕ್ಟರ್ ನೋಡುವುದು 8 ಅನ್ನು, ಘಾಟಿಯನ್ನಲ್ಲ. ಎರಡನೇ ಸಲ ಅಧ್ಯಕ್ಷರಾಗಲು ಹೊರಟಿದ್ದ ರೇಗನ್ 1984ರಲ್ಲಿ ಹಾಕಿದ್ದು ಅಂಥ ಒಂದು 8. ವಯಸ್ಸು 73, ಮೊದಲ ಡಿಬೇಟ್‌ನಲ್ಲಿ ತಡವರಿಸಿದ್ದರು. ಎರಡನೆಯದರಲ್ಲಿ ವಯಸ್ಸಿನ ಪ್ರಶ್ನೆ ಬಂದಾಗ ‘ನನ್ನ ಎದುರಾಳಿಯ ಎಳೆವಯಸ್ಸು, ಅನನುಭವವನ್ನು ನಾನು ರಾಜಕೀಯಕ್ಕೆ ಬಳಸಿಕೊಳ್ಳುವುದಿಲ್ಲ’ ಎಂದರು. ಎದುರಾಳಿ ಮಾಂಡೇಲ್ 56ರವರು, ಹಿಂದೆ ಉಪಾಧ್ಯಕ್ಷರಾಗಿದ್ದವರು. ಅವರೂ ನಕ್ಕುಬಿಟ್ಟರು.

ಹಾಗಂತ ಒಂದು ಡಿಬೇಟ್ ಚುನಾವಣೆಯನ್ನೇ ತಿರುಗಿಸುತ್ತದೆ ಎನ್ನಬೇಡಿ. 1988ರ ಉಪಾಧ್ಯಕ್ಷ ಅಭ್ಯರ್ಥಿಗಳ ಡಿಬೇಟ್‌ನಲ್ಲಿ ಡ್ಯಾನ್ ಕ್ವೇಲ್ ತಮ್ಮ ಅನುಭವವನ್ನು ಕೆನಡಿಯದಕ್ಕೆ ಹೋಲಿಸಿಕೊಂಡು ಎದುರಾಳಿ ಲಾಯ್ಡ್ ಬೆಂಟ್ಸನ್‌ರಿಂದ ‘ನೀವು ಜಾಕ್ ಕೆನಡಿ ಅಲ್ಲ’ ಎನ್ನಿಸಿಕೊಂಡರು (ಜಾಕ್ ಅಂದರೆ ಅದೇ ಕೆನಡಿ). ಇಡೀ ದೇಶ ನಕ್ಕಿತು. ಆಮೇಲೆ ಉಪಾಧ್ಯಕ್ಷರಾದದ್ದು ಕ್ವೇಲ್ ಅವರೇ.

ಇನ್ನು ಆ ಮತದಾರನ ಹೆಸರು. ಅವನನ್ನು ‘ತಟಸ್ಥ ಮತದಾರ’ ಎಂದು ಬರೆಯುವವರಿದ್ದಾರೆ. ತಟದಲ್ಲಿ ನಿಂತವನು ತಟಸ್ಥ, ಅವನಿಗೆ ನೀರಿಗಿಳಿಯುವ ಮನಸ್ಸೇ ಇಲ್ಲ. ನಾವು ಹೇಳುತ್ತಿರುವವನು ಒಂದು ಕಾಲೆತ್ತಿ ಯಾವ ದೋಣಿ ಎಂದು ನೋಡುತ್ತಿರುವವನು. ‘ಇನ್ನೂ ನಿರ್ಧರಿಸದ ಮತದಾರ’ ಎಂದರೆ ಏನು ಕಷ್ಟ?

ಇಂಥವರನ್ನೇ ಆರಿಸಿ ಕೂರಿಸಿದ ಡಿಬೇಟ್ ನಡೆದದ್ದು 1992ರ ಅಕ್ಟೋಬರ್ 15ರಂದು, ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಒಬ್ಬ ಯುವತಿ ಎದ್ದು ನಿಂತು ಕೇಳಿದಳು: ದೇಶದ ಸಾಲ ನಿಮ್ಮ ಸ್ವಂತ ಬದುಕಿಗೆ ಹೇಗೆ ತಟ್ಟಿದೆ? ತಟ್ಟಿಲ್ಲ ಅಂದರೆ, ಜನರ ಸಂಕಟದ ಅನುಭವವೇ ಇಲ್ಲದ ನೀವು ಅದಕ್ಕೆ ಮದ್ದು ಹೇಗೆ ಹುಡುಕುತ್ತೀರಿ? ಅವಳು ಬಳಸಿದ್ದು ಎಕ್ಸ್‌ಪೀರಿಯನ್ಸ್ ಎಂಬ ಪದವನ್ನೇ. ಆದರೆ ಕೇಳಿದ್ದು ನಮ್ಮ ಅನುಭವವನ್ನು. ಎದುರಿಗಿದ್ದ ಬುಷ್ (ಸೀನಿಯರ್) ಎಂಟು ವರ್ಷ ಉಪಾಧ್ಯಕ್ಷ, ನಾಲ್ಕು ವರ್ಷ ಅಧ್ಯಕ್ಷ, ಅದಕ್ಕೂ ಮೊದಲು ವಿಶ್ವಸಂಸ್ಥೆಯಲ್ಲಿ ರಾಯಭಾರಿ, ಸಿಐಎ ಮುಖ್ಯಸ್ಥ. ಸರ್ವಿಸ್ ರಿಜಿಸ್ಟರ್ ತುಂಬಿ ತುಳುಕುತ್ತಿತ್ತು. ಆ ಸಂಜೆ ಅವರು ಗಡಿಯಾರ ನೋಡಿಕೊಂಡದ್ದು ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. ಈ ಪ್ರಶ್ನೆಗೆ ತಡವರಿಸಿ, ನನಗೆ ಸರಿಯಾಗಿ ಅರ್ಥವಾಗುತ್ತಿಲ್ಲ ಎಂದರು. ಅವರ ಎದುರಾಳಿ ಕ್ಲಿಂಟನ್ ಕುರ್ಚಿ ಬಿಟ್ಟು ಅವಳ ಹತ್ತಿರ ನಡೆದು ಹೋದರು. ‘ನಿಮಗೆ ಹೇಗೆ ತಟ್ಟಿದೆ, ಹೇಳಿ’ ಎಂದು ತಿರುಗಿ ಕೇಳಿದರು. ನಾನು ಸಣ್ಣ ರಾಜ್ಯದ ಗವರ್ನರ್, ಅಲ್ಲಿ ಯಾರದಾದರೂ ಕೆಲಸ ಹೋದರೆ ಅವರ ಹೆಸರೇ ನನಗೆ ಗೊತ್ತಿರುತ್ತದೆ ಎಂದರು. ಪಳಗಿದ ನಟನೆ ಅಂತೀರಾ? ಇರಬಹುದು. ಆದರೆ ಪ್ರಶ್ನೆ ಏನೆಂದು ಅವರಿಗೆ ಅರ್ಥವಾಗಿತ್ತು.

ಎರಡು ದಿನ ಮೊದಲು, ಅಟ್ಲಾಂಟದಲ್ಲಿ, ಉಪಾಧ್ಯಕ್ಷ ಅಭ್ಯರ್ಥಿಗಳ ಸರದಿ. ಅಲ್ಲಿ ಪಕ್ಷೇತರ ಅಧ್ಯಕ್ಷ ಅಭ್ಯರ್ಥಿ ರಾಸ್ ಪೆರೋ ಜೊತೆಗಾರ ಜೇಮ್ಸ್ ಸ್ಟಾಕ್‌ಡೇಲ್ ಇದ್ದರು. ನೌಕಾಪಡೆಯ ಪೈಲಟ್, ವಿಯೆಟ್ನಾಂ ಜೈಲಿನಲ್ಲಿ ಏಳು ವರ್ಷಕ್ಕೂ ಮಿಕ್ಕಿ ಚಿತ್ರಹಿಂಸೆ ಅನುಭವಿಸಿದವರು. ಪ್ರಚಾರಕ್ಕಾಗಿ ತಮ್ಮ ಮುಖ ತೋರಿಸಲು ಹೊರಟಿದ್ದಾರೆ ಎಂದು ಗೊತ್ತಾದಾಗ ತಲೆ ಕೊಯ್ದುಕೊಂಡು, ಸ್ಟೂಲಿನಿಂದ ಮುಖ ಜಜ್ಜಿಕೊಂಡು, ಯಾವ ಕ್ಯಾಮೆರಾಗೂ ಬಾರದ ಹಾಗೆ ಮಾಡಿಕೊಂಡವರು. ಅಟ್ಲಾಂಟದ ಕ್ಯಾಮೆರಾ ಮುಂದೆ ‘ನಾನು ಯಾರು? ಇಲ್ಲಿ ಯಾಕಿದ್ದೇನೆ?’ ಎಂದು ಮಾತು ಶುರು ಮಾಡಿದರು. ಜನ ನಕ್ಕರು. ಆಮೇಲೆ ಒಂದು ಪ್ರಶ್ನೆ ಅವರಿಗೆ ಕೇಳಿಸಲಿಲ್ಲ. ಕಿವಿಯ ಮೆಷೀನ್ ಆನ್ ಮಾಡಿರಲಿಲ್ಲ, ಇನ್ನೊಂದು ಸಲ ಹೇಳಿ ಎಂದರು. ಮರುದಿನದಿಂದ ಟಿವಿಯವರಿಗೆ ಅದೇ ತಮಾಷೆ.