ಶಾರ್ಪ್ ಮಾಡುವ ಮೊದಲು ಫ್ರೇಮ್ ಆರಿಸಿ

ಮೈಸೂರಿನ ತಾರಸಿಗಳಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ವಿಡಿಯೊ ತೆಗೆದು ನನಗೆ ಕಳಿಸುವ ಹುಡುಗರು ಈಚೆಗೆ ಜಾಸ್ತಿ. ‘ಸರ್, ಇದನ್ನ ಶಾರ್ಪ್ ಮಾಡೋದು ಹೇಗೆ?’ ಅಂತಾರೆ. ಎಕ್ಸ್‌ಪೋಶರ್, ಅಂದರೆ ವಿಡಿಯೊದ ಒಂದೊಂದು ಚಿತ್ರಕ್ಕೆ (ಫ್ರೇಮಿಗೆ) ಬೆಳಕು ಬಿಟ್ಟ ಸಮಯ, ಎಷ್ಟಿತ್ತಪ್ಪ ಅಂತ ನಾನು ಕೇಳುತ್ತೇನೆ.

ನಿಲ್ದಾಣದ ಉದ್ದ 109 ಮೀಟರ್. ಸುಮಾರು 400 ಕಿ.ಮೀ. ಮೇಲೆ, ನಮ್ಮ ನೆತ್ತಿಗೆ ಬಂದಾಗ ಅದು 56 ಆರ್ಕ್‌ಸೆಕೆಂಡಿನಷ್ಟು ಕಾಣುತ್ತದೆ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). ಅಂದರೆ ಒಂದು ಆರ್ಕ್‌ಸೆಕೆಂಡಿಗೆ ಅಲ್ಲಿ ಹೆಚ್ಚುಕಮ್ಮಿ 2 ಮೀಟರ್. ಎಂಟಿಂಚು ಅಗಲದ ಟೆಲಿಸ್ಕೋಪಿಗೆ ಅದಕ್ಕಿಂತ ಸಣ್ಣದನ್ನೂ ಬಿಡಿಸಿ ತೋರಿಸುವ ತಾಕತ್ತಿದೆ. ಕೆಡಿಸುವುದು ಗಾಳಿ. ಏಪ್ರಿಲ್ ಸಂಜೆ ತಾರಸಿಯ ಸಿಮೆಂಟು ಹಗಲೆಲ್ಲ ಕುಡಿದ ಬಿಸಿಲನ್ನು ಕಕ್ಕುತ್ತಿರುತ್ತದೆ. ಮಂಡ್ಯ ಕಡೆ ನೆಂಟರಿದ್ದರೆ ಗದ್ದೆ ಬದುವಿನ ಮೇಲೆ, ಬೆಳಗಿನ ಜಾವ ಪ್ರಯತ್ನಿಸಿ.

ಗಾಳಿಯ ಈ ಅಲುಗಾಟ ಸೆಕೆಂಡಿನ ನೂರನೇ ಒಂದು ಭಾಗದಲ್ಲೇ ಬದಲಾಗುತ್ತದೆ. ಹಾಗಾಗಿ ಎಕ್ಸ್‌ಪೋಶರ್ ಒಂದೆರಡು ಮಿಲಿಸೆಕೆಂಡ್ ಇರಲಿ. ಆಗ ನಡುನಡುವೆ ಒಂದೊಂದು ಫ್ರೇಮ್ ಚೊಕ್ಕವಾಗಿ ಸಿಗುತ್ತದೆ. ಇಂಥ ಅದೃಷ್ಟದ ಫ್ರೇಮ್ ಎಷ್ಟಕ್ಕೊಂದು ಸಿಗಬಹುದು ಅಂತ ವಿಜ್ಞಾನಿ ಡೇವಿಡ್ ಫ್ರೈಡ್ 1978ರಲ್ಲೇ ಲೆಕ್ಕ ಹಾಕಿದ್ದರು. ಟೆಲಿಸ್ಕೋಪ್ ದೊಡ್ಡದಾದಷ್ಟೂ ಅದೃಷ್ಟ ಕಡಿಮೆ. ನಮ್ಮ ಎಂಟಿಂಚಿಗೆ ಇದು ಲಾಭವೇ, ಅಲ್ವಾ?

ಒಳ್ಳೆಯ ಫ್ರೇಮ್‌ಗಳನ್ನು ಒಂದರ ಮೇಲೊಂದು ಕೂರಿಸಿದರೆ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು, ಇಳಿಯುತ್ತದೆ. ಗುರುಗ್ರಹಕ್ಕೆ ಸಾವಿರಾರು ಫ್ರೇಮ್ ಸೇರಿಸಿ ಅಭ್ಯಾಸವಾದವರು ಎಡವುವುದು ಇಲ್ಲೇ. ನೆತ್ತಿಯ ಮೇಲೆ ನಿಲ್ದಾಣ ಸೆಕೆಂಡಿಗೆ ಒಂದು ಡಿಗ್ರಿಗಿಂತ ಜಾಸ್ತಿ ಓಡುತ್ತದೆ. ನಾವು ಅದನ್ನು ನೋಡುವ ಕೋನವೂ ಅಷ್ಟೇ ಬೇಗ ತಿರುಗುತ್ತದೆ. ಹತ್ತು ಸೆಕೆಂಡಿನ ಫ್ರೇಮ್‌ಗಳನ್ನು ಸುಮ್ನೆ ಕೂಡಿಸಿದರೆ ಸೌರ ಫಲಕಗಳೆಲ್ಲ ಕಲಸಿಹೋಗುತ್ತವೆ. ಒಂದೆರಡು ಸೆಕೆಂಡಿನೊಳಗಿನವು ಸಾಕು.

ಶಾರ್ಪ್ ಮಾಡುವುದು ಆಮೇಲೆ. ರಿಚರ್ಡ್‌ಸನ್ 1972ರಲ್ಲಿ, ಲೂಸಿ 1974ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ವಿಧಾನ ಈಗಲೂ ಚಾಲ್ತಿಯಲ್ಲಿದೆ. ಒಂದು ಚುಕ್ಕಿ ಎಷ್ಟು ಹರಡಿದೆ ಅಂತ ತಿಳಿದರೆ ಆ ಹರಡುವಿಕೆಯನ್ನು ಹಂತಹಂತವಾಗಿ ಹಿಂದಕ್ಕೆ ಬಿಚ್ಚಬಹುದು. ಆಸೆಗೆ ಬಿದ್ದು ಹಂತ ಜಾಸ್ತಿ ಮಾಡಿದರೆ ಹೊಳೆಯುವ ಫಲಕದ ಅಂಚಿಗೆ ಕಪ್ಪು ಗೆರೆ, ಅದರಾಚೆ ಇನ್ನೊಂದು ಬಿಳಿ ಗೆರೆ ಹುಟ್ಟುತ್ತದೆ. ಆ ಗೆರೆಯನ್ನೇ ನಿಲ್ದಾಣದ ಬಿಸಿ ಹೊರಹಾಕುವ ರೇಡಿಯೇಟರ್ ಅಂದುಕೊಂಡು ‘ರೇಡಿಯೇಟರ್ ಸಿಕ್ತು ಸರ್!’ ಅಂತ ಫೋನು ಬರುವುದು ಆಗಲೇ.

ನಿಲ್ದಾಣ ಹಾದುಹೋದ ಮೇಲೆ ಅಷ್ಟೇ ಎತ್ತರದಲ್ಲಿರುವ ಒಂದು ನಕ್ಷತ್ರವನ್ನೂ ಅದೇ ಸೆಟ್ಟಿಂಗಿನಲ್ಲಿ ತೆಗೆದಿಟ್ಟುಕೊಳ್ಳಿ. ಎರಡಕ್ಕೂ ಅದೇ ಸಂಸ್ಕರಣೆ ಕೊಡಿ. ನಕ್ಷತ್ರ ಬರೀ ಚುಕ್ಕಿ; ಅದರ ಸುತ್ತ ಉಂಗುರ ಮೂಡಿದರೆ ಫಲಕದ ಪಕ್ಕದ ಗೆರೆಯನ್ನೂ ನಂಬಬೇಡಿ.